ಮೈಕಿನ ಪಕ್ಕದ ಕುರ್ಚಿ

ಆ ಮನೆಯಲ್ಲಿ ಕುರ್ಚಿ ಎಂದು ಕರೆಸಿಕೊಳ್ಳಲು ಯೋಗ್ಯವಾದದ್ದು ಒಂದೇ ಇತ್ತು. ಎರಡೂ ಕಡೆ ಕೈಯಿಡಲು ಮರದ ಪಟ್ಟಿ, ಬೆನ್ನಿಗೆ ಬೆತ್ತದ ಹೆಣಿಗೆ, ಕಿಟಕಿಯ ಪಕ್ಕ ಅದಕ್ಕೆಂದೇ ಬಿಟ್ಟ ಜಾಗ. ಅದು ಮಾವನದು. ಬಸ್ ಕಂಡಕ್ಟರಾಗಿ ಜೀವಮಾನವೆಲ್ಲ ನಿಂತೇ ಕಳೆದ ಅವರನ್ನು ನಿವೃತ್ತಿಯ ದಿನ ಡಿಪೋದ ಗೆಳೆಯರು ಏನು ಕೊಡಿಸೋಣ ಎಂದು ಕೇಳಿದರಂತೆ. ಗಡಿಯಾರ ಬೇಡ, ಟೈಮು ನೋಡಿ ನೋಡಿ ಸಾಕಾಗಿದೆ, ಒಂದು ಕುರ್ಚಿ ಕೊಡಿಸಿ ಎಂದರಂತೆ ಇವರು.

ಗಂಡ ಕೂರುವುದು ಮಂಚದ ಮೇಲೆ. ಮಗಳು ಎಲ್ಲೆಂದರಲ್ಲಿ. ಸೊಸೆ ಎಲ್ಲಿ ಕೂರುತ್ತಾಳೆ ಎಂಬ ಪ್ರಶ್ನೆ ಆ ಮನೆಯಲ್ಲಿ ಎದ್ದಿರಲಿಲ್ಲ. ಅವಳು ಕೂತದ್ದನ್ನು ಯಾರೂ ನೋಡಿರಲಿಲ್ಲ.

ಅವಳು ಬಟ್ಟೆ ಕಾರ್ಖಾನೆಯಲ್ಲಿ ಚೆಕರ್. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಾಲರಿನಿಂದ ಅಂಚಿನವರೆಗೆ ಬೆರಳಾಡಿಸಿ, ಬಿಟ್ಟ ಹೊಲಿಗೆ, ಉಳಿದ ದಾರ, ಎಣ್ಣೆಯ ಕಲೆ ಹಿಡಿದು ಪಕ್ಕಕ್ಕೆಸೆಯುವ ಕೆಲಸ. ಹೊಲಿಯುವವರಿಗೆ ಸ್ಟೂಲು ಉಂಟು. ಚೆಕರ್‌ಗಳಿಗೆ ಇಲ್ಲ. ಕೂತರೆ ಕಣ್ಣು ಮಂಪರಾಗುತ್ತದೆ ಎಂಬುದು ಮ್ಯಾನೇಜರನ ಸಿದ್ಧಾಂತ. ಆ ಸಿದ್ಧಾಂತವನ್ನು ಅವನು ಗಾಜಿನ ಕ್ಯಾಬಿನ್ನಿನೊಳಗೆ ತಿರುಗುವ ಕುರ್ಚಿಯಲ್ಲಿ ಕೂತು ಕಂಡುಹಿಡಿದಿದ್ದ. ಸಂಜೆಯ ಹೊತ್ತಿಗೆ ಅವಳ ಪಾದಗಳು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಕೊಳ್ಳುತ್ತಿತ್ತು. ಮೀನಖಂಡದ ಮೇಲೆ ನೀಲಿ ನರ ಹಗ್ಗದ ಹಾಗೆ ಗಂಟುಗಂಟಾಗಿ ಎದ್ದಿತ್ತು.

"ಕೂತು ಮಾಡೋ ಕೆಲಸ ನೋಡ್ಕೊಳಮ್ಮ" ಎಂದಿದ್ದರು ಡಾಕ್ಟರು.

"ಚೀಟೀಲಿ ಅದನ್ನೂ ಬರ್ಕೊಡಿ ಡಾಕ್ಟ್ರೇ, ಮೆಡಿಕಲ್ ಶಾಪಲ್ಲಿ ಸಿಕ್ಕಿದ್ರೆ ತಗೋತೀನಿ" ಎಂದು ಇವಳು ಎದ್ದು ಬಂದಿದ್ದಳು.

ಹೊಲಿಗೆ ಬಿಟ್ಟರೆ ಅಂಥ ಕೆಲಸ ಕಾರ್ಖಾನೆಯ ಆ ಅಂತಸ್ತಿನಲ್ಲಿ ಒಂದೇ ಒಂದಿತ್ತು. ಗೇಟಿನ ಕಡೆಯ ಕಿಟಕಿಗೆ ಆನಿಸಿ ಒಂದು ಪುಟ್ಟ ಮೇಜು, ಮೇಜಿನ ಮೇಲೆ ಮೈಕು, ಮೈಕಿನ ಪಕ್ಕ ಒಂದು ಕುರ್ಚಿ. ಯಾವ ಸಾಲಿನಲ್ಲಿ ಸೂಜಿ ಮುರಿಯಿತು, ಯಾವ ಲಿಫ್ಟಿನ ಬಳಿ ಟ್ರಾಲಿ ನಿಂತಿದೆ, ಯಾವ ಓಣಿಯಲ್ಲಿ ಪೆಟ್ಟಿಗೆಗಳು ದಾರಿ ಕಟ್ಟಿವೆ ಎಂದು ಕೂತು ಕೂಗುವುದು. ಕೂಗುತ್ತಿದ್ದ ಹುಡುಗಿ ಬೇರೆ ಊರಿಗೆ ಹೋದಳು, ಜಾಗ ಖಾಲಿಯಾಯಿತು. ಕುರ್ಚಿಯ ಮೇಲೆ ಎಲ್ಲ ಚೆಕರ್‌ಗಳ ಕಣ್ಣೂ ಬಿತ್ತು. ಆದರೆ ಅದಕ್ಕೊಂದು ಬೇಲಿ ಇತ್ತು. ಅಂಗಿ ಕೊಳ್ಳುವ ಕಂಪನಿಯವರು ಆಗಾಗ ತಪಾಸಣೆಗೆ ಬರುತ್ತಾರೆ, ಅವರ ಕಿವಿಗೆ ಚೆಂದ ಕೇಳಿಸಬೇಕು, ಆದ್ದರಿಂದ ಮೈಕಿನಲ್ಲಿ ಏನು ಹೇಳಿದರೂ ಇಂಗ್ಲಿಷಿನಲ್ಲೇ ಹೇಳಬೇಕು.

ಸೂಜಿ ಮುರಿದದ್ದನ್ನು ಹೇಳುವವಳದು ನಮ್ಮ ಮಾತು. ಬಂದು ಸರಿಮಾಡುವ ಮೆಕ್ಯಾನಿಕ್‌ನದು ನಮ್ಮ ಮಾತು. ನಡುವೆ ಆ ಮೈಕೊಂದು ದೊಡ್ಡಮನುಷ್ಯ, ಅದಕ್ಕೆ ಇಂಗ್ಲಿಷೇ ಆಗಬೇಕು.

"ನನಗೆ ಲೈನ್ ನಂಬರ್ ಕೇಳಿಸಿದ್ರೆ ಸಾಕು. ಮಿಕ್ಕಿದ್ದು ಸಂಗೀತ" ಎನ್ನುತ್ತಿದ್ದ ಮೆಕ್ಯಾನಿಕ್.

ಸೊಸೆ ಹೆಸರು ಕೊಟ್ಟಳು. ಪರೀಕ್ಷೆಗೆ ತಿಂಗಳ ಗಡುವು.

*

ಮನೆಯಲ್ಲಿ ವಿಷಯ ಎತ್ತಿದ್ದು ಊಟದ ಹೊತ್ತಿಗೆ. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಅವಳು ಅಡುಗೆ ಕಟ್ಟೆಗೆ ಒರಗಿ ನಿಂತು ತಟ್ಟೆಯನ್ನು ಅಂಗೈಯಲ್ಲಿ ಹಿಡಿದಿದ್ದಳು. ಗಂಡ ಹಾರ್ಡ್‌ವೇರ್ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವವನು. ಬಣ್ಣದ ಡಬ್ಬಿಗಳ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಓದಿ, ಮನೆಯಲ್ಲಿ ಆ ಭಾಷೆ ತನ್ನ ಸ್ವಂತ ಆಸ್ತಿ ಎಂದುಕೊಂಡಿದ್ದ.

"ನೀನು ಇಂಗ್ಲಿಷಾ?" ಎಂದ. "ಎಮಲ್ಷನ್ ಅಂತ ಹೇಳು ನೋಡೋಣ."

"ನಾನು ಗೋಡೆಗೆ ಬಣ್ಣ ಹೊಡೆಯೋಕೆ ಹೋಗ್ತಿಲ್ಲ ರೀ."

"ಮೈಕಿನವಳು ಸೈರನ್‌ಗಿಂತ ಮುಂಚೆ ಹೋಗಿ ಕೂರಬೇಕು ಅಂತೀಯ. ಬೆಳಿಗ್ಗೆ ಚಹಾ? ಅಪ್ಪನ ತಿಂಡಿ? ನನ್ನ ಡಬ್ಬಿ?"

"ಡಬ್ಬಿಗೆ ಕಾಲಿಲ್ಲ, ನಿಮಗೆ ಕೈಯಿದೆ."

ಮಾವ ಕುರ್ಚಿಯಿಂದಲೇ ನಕ್ಕರು. "ನಾನು ಹೋಲ್ಡಾನ್, ರೈಟ್ ಅಂತ ಎರಡೇ ಇಂಗ್ಲಿಷಲ್ಲಿ ಸಂಸಾರ ಸಾಕಿದೆ. ನಿಂತೇ ಸಾಕಿದೆ. ನಿಂತ್ರೆ ಯಾರೂ ಸಾಯಲ್ಲ ಬಿಡಮ್ಮ."

"ಸಾಯಲ್ಲ ಮಾವ. ಅದೇ ಕಷ್ಟ" ಎಂದಳು ಸೊಸೆ.

ಕಲಿಸುವ ಜವಾಬ್ದಾರಿ ಹತ್ತನೇ ತರಗತಿಯ ಮಗಳ ಹೆಗಲಿಗೆ ಬಿತ್ತು. ಅವಳು ಹುಟ್ಟು ಟೀಚರಮ್ಮ. ಯಾವುದನ್ನು ಕಲಿಸಬೇಕು ಎಂದು ಅವ್ವನ ಕೆಲಸವನ್ನು ಕೇಳಿ ತಿಳಿದುಕೊಂಡು, "ಮೈಕಿಗೆ ಬೇಕಾಗಿರೋದು ಜಾಗದ ಮಾತು ಅಷ್ಟೇ ಅಮ್ಮ. ಇನ್, ಆನ್, ಆ್ಯಟ್. ಮೂರು ಬಂದ್ರೆ ಮುಗೀತು" ಎಂದಳು.

ಮುಗಿಯಲಿಲ್ಲ. ಶುರುವಾಯಿತು. ನಮ್ಮ ಮಾತಿನಲ್ಲಿ ಬಾಲಕ್ಕೆ ಒಂದು 'ಅಲ್ಲಿ' ಅಂಟಿಸಿದರೆ ಲೋಕವೆಲ್ಲ ಅದರೊಳಗೆ ಕೂರುತ್ತದೆ: ಡಬ್ಬಿಯಲ್ಲಿ, ಗೋಡೆಯಲ್ಲಿ, ಗೇಟಿನಲ್ಲಿ. ಇಂಗ್ಲಿಷಿಗೆ ಡಬ್ಬಿಗೊಂದು, ಗೋಡೆಗೊಂದು, ಗೇಟಿಗೊಂದು. ಸೊಸೆಯ ನಾಲಿಗೆ ಮೂರು ದಾರಿ ಕೂಡುವಲ್ಲಿ ನಿಂತ ಹಸುವಿನ ಹಾಗೆ ಅತ್ತಿತ್ತ ನೋಡುತ್ತಿತ್ತು.

"ಕಾರಿಗೆ ಇನ್, ಬಸ್ಸಿಗೆ ಆನ್" ಎಂದಳು ಮಗಳು ಒಂದು ಸಂಜೆ.

ಮಾವ ಕುರ್ಚಿಯಲ್ಲಿ ನೆಟ್ಟಗಾದರು. "ಬಸ್ಸಿಗೆ ಆನ್ ಅಂದ್ರೆ?"

"ಮೇಲೆ ತಾತ."

"ಬಸ್ಸಿನ ಮೇಲೆ ಲಗೇಜು ಹಾಕ್ತಾರೆ. ಮನುಷ್ಯರನ್ನ ಹತ್ತಿಸಿದ್ರೆ ನನ್ನ ಸಸ್ಪೆಂಡ್ ಮಾಡಿರೋರು."

"ಅಯ್ಯೋ ತಾತ, ಒಳಗೇನೇ. ಆದ್ರೆ ಆನ್ ಅನ್ನಬೇಕು. ಒಳಗೆ ಎದ್ದು ನಿಲ್ಲೋಕಾಗೋ ಗಾಡಿಗೆ ಆನ್. ಕೂತೇ ಹೋಗಬೇಕಾದ ಗಾಡಿಗೆ ಇನ್. ನಮ್ಮ ಮಿಸ್ ಹಾಗೆ ನೆನಪಿಟ್ಕೊಳ್ಳಿ ಅಂದ್ರು."

ಮಾವ ಕೈಪಟ್ಟಿಯನ್ನು ಬೆರಳಿಂದ ತಟ್ಟಿದರು. "ಅಂದ್ರೆ ನಿಂತೋರಿಗೊಂದು, ಕೂತೋರಿಗೊಂದು. ಹಾಗೆ ಹೇಳು. ಆ ಜನಕ್ಕೂ ಈ ಭೇದ ಗೊತ್ತಿದೆ ಅಂತಾಯ್ತು."

"ನಮ್ಮಲ್ಲೂ ಹಂಗೇ ಮಾವ" ಎಂದಳು ಸೊಸೆ, ಬೇಳೆಯ ಪಾತ್ರೆ ಇಳಿಸುತ್ತ. "ನಾವು ಆನ್ ದ ಫ್ಲೋರ್. ಮ್ಯಾನೇಜರ್ ಇನ್ ದ ಕ್ಯಾಬಿನ್."

*

ಪಾಠ ತಲೆಗೆ ಹತ್ತಲಿ ಎಂದು ಮಗಳು ಒಂದು ಉಪಾಯ ಹೂಡಿದಳು. ಮನೆಯ ವಸ್ತುಗಳೇ ಪಾಠ. ಬೀಗದ ಕೈ ಆನ್ ದ ಹುಕ್. ಬ್ರೆಡ್ಡು ಇನ್ ದ ಡಬ್ಬಿ. ಛತ್ರಿ ಆ್ಯಟ್ ದ ಡೋರ್. ತಾತ ಇನ್ ದ ಚೇರ್, ಯಾಕೆಂದರೆ ಕುರ್ಚಿಗೆ ಕೈಗಳಿವೆ, ಅದು ತಾತನನ್ನು ತಬ್ಬಿಕೊಂಡಿದೆ. ಅಪ್ಪ ಆನ್ ದ ಕಾಟ್. ಅವ್ವ ಅಡುಗೆ ಮಾಡುತ್ತ ಕತ್ತು ತಿರುಗಿಸಿ ನೋಡಬೇಕು, ನೋಡಿದ್ದನ್ನು ಹೇಳಬೇಕು. ಹೇಳಿ ಹೇಳಿ ಅದು ಬಾಯಿಪಾಠವಾಗಬೇಕು. ಅದಕ್ಕಾಗಿ ಒಂದು ಕಟ್ಟುನಿಟ್ಟಿನ ಕಾನೂನು: ಪರೀಕ್ಷೆ ಮುಗಿಯುವವರೆಗೆ ಇಟ್ಟದ್ದು ಇಟ್ಟಲ್ಲೇ ಇರಬೇಕು. ಯಾರೂ ಏನನ್ನೂ ಕದಲಿಸಕೂಡದು.

"ಮತ್ತೆ ಅಮ್ಮ ಎಲ್ಲಿ?" ಎಂದು ಮಾವ ಕೇಳಿದರು. "ಎಲ್ಲರಿಗೂ ಒಂದೊಂದು ಜಾಗ ಕೊಟ್ಟೆ. ಅವಳಿಗೆ?"

ಮಗಳು ಪೆನ್ಸಿಲ್ ಕಚ್ಚಿ ನೋಡಿದಳು. ಅವ್ವ ಒಲೆಯ ಹತ್ತಿರ ಇದ್ದಳು ಅನ್ನುವಷ್ಟರಲ್ಲಿ ನಲ್ಲಿಯ ಹತ್ತಿರ, ನಲ್ಲಿ ಅನ್ನುವಷ್ಟರಲ್ಲಿ ಬಟ್ಟೆಯ ಹಗ್ಗದ ಹತ್ತಿರ. "ಅಮ್ಮ ಒಂದು ಕಡೆ ನಿಲ್ಲಲ್ಲ ತಾತ. ಮಿಸ್ ಹತ್ರ ಕೇಳ್ಕೊಂಡು ಬರ್ತೀನಿ."

ಮಾರನೆಯ ದಿನ ಕೇಳಿಕೊಂಡು ಬಂದಳು. "ದಿನವೆಲ್ಲ ನಿಂತಿರೋರಿಗೆ ಒಂದು ಮಾತಿದೆಯಂತೆ. ಮದರ್ ಈಸ್ ಆನ್ ಹರ್ ಫೀಟ್."

"ಏನು ಹಾಗಂದ್ರೆ?" ಎಂದಳು ಸೊಸೆ.

"ಅಮ್ಮ ತನ್ನ ಪಾದದ ಮೇಲೆ ಇದಾಳೆ."

ಸೊಸೆ ಕೆಳಗೆ ನೋಡಿಕೊಂಡಳು. ಪಾದ ಎರಡು ಹಸಿ ರೊಟ್ಟಿಹಿಟ್ಟಿನ ಮುದ್ದೆಗಳ ಹಾಗಿದ್ದವು. "ಸದ್ಯ. ಅಷ್ಟಾದ್ರೂ ಜಾಗ ಸಿಕ್ತು" ಎಂದಳು.

ಕಾನೂನಿನ ಬಿಸಿ ತಟ್ಟಿದ್ದು ಮೊದಲ ವಾರದಲ್ಲೇ. ಗಂಡ ಉಂಡ ತಟ್ಟೆಯನ್ನು ಎಂದಿನಂತೆ ಮಂಚದ ಕೆಳಗೆ ನೆಲದ ಮೇಲೆ ಬಿಟ್ಟು ಕೈ ಒರೆಸಿಕೊಂಡ. ಬೆಳಿಗ್ಗೆ ನೋಡಿದರೆ ತಟ್ಟೆ ಅಲ್ಲೇ ಇತ್ತು. ಸಂಜೆಯೂ ಅಲ್ಲೇ ಇತ್ತು.

"ಇದೇನಿದು, ತಟ್ಟೆ ಎತ್ತಿಲ್ಲ?"

"ಎತ್ತೋ ಹಾಗಿಲ್ಲ ರೀ. ಪಾಠ. ಪ್ಲೇಟ್ ಈಸ್ ಆನ್ ದ ಫ್ಲೋರ್."

"ಇರುವೆ ಹತ್ತಿದೆ."

"ಇರುವೆ ಆನ್ ದ ಪ್ಲೇಟ್" ಎಂದಳು, ತಿರುಗಿ ನೋಡದೆ.

ಮಗಳು ಕಿಸಕ್ಕೆಂದಳು. ಮಾವ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಒದ್ದೆ ಟವೆಲು ಮಂಚದ ಮೇಲೆ ಬಿದ್ದಿತ್ತು, ಬಿದ್ದೇ ಇತ್ತು. ಮಾವನ ಚಹಾ ಲೋಟ ಕಿಟಕಿಯ ಕಟ್ಟೆಯ ಮೇಲೆ ಕರೆಗಟ್ಟಿತು. ಅದರ ಪಕ್ಕಕ್ಕೆ ಇನ್ನೊಂದು ಬಂತು, ಮತ್ತೊಂದು ಬಂತು, ಕೊನೆಗೆ ಚಹಾ ಕುಡಿಯಲು ಲೋಟವಿಲ್ಲದಾಯಿತು. ಅವರೆಲ್ಲ ಇಷ್ಟು ದಿನ ಮನೆ ತಾನಾಗಿಯೇ ಒಪ್ಪವಾಗುತ್ತದೆ ಎಂದುಕೊಂಡಿದ್ದರು, ಮಳೆ ತಾನಾಗಿ ನಿಲ್ಲುವ ಹಾಗೆ. ಎತ್ತುವ ಕೈ ನಿಂತ ಮೇಲೆ, ಇಡುವ ಕೈಗಳು ಎಷ್ಟಿದ್ದವೆಂದು ಗೋಡೆಗೋಡೆಯೂ ಹೇಳತೊಡಗಿತು.

"ಬೇಕಂತಲೇ ಮಾಡ್ತಿದೀಯ" ಎಂದ ಗಂಡ.

"ಹೌದು, ಬೇಕಂತಲೇ ಕಲೀತಿದೀನಿ."

"ಕಲಿಯೋ ನೆಪದಲ್ಲಿ ಮನೆ ತಿಪ್ಪೆ ಮಾಡಿದೀಯ."

"ತಿಪ್ಪೆಗೆ ಹಾಕಿದೋರು ಯಾರು? ನಾನು ಒಂದು ಚಮಚ ಕದಲಿಸಿದೀನಾ ಕೇಳಿ ನಿಮ್ಮ ಮಗಳನ್ನ."

"ಇವನು ನನ್ನ ಲೋಟದ ಬಗ್ಗೆ ಹೇಳ್ತಿದಾನೋ, ತನ್ನ ತಟ್ಟೆ ಬಗ್ಗೆಯೋ?" ಎಂದು ಮಾವ ಪೇಪರಿನ ಹಿಂದಿನಿಂದ ಕೇಳಿದರು.

"ಅಪ್ಪಾ, ನೀವು ಸುಮ್ನಿರಿ."

ಎರಡನೇ ವಾರ ಒಂದು ಸಂಜೆ ಅಂಗಡಿಯ ಯಜಮಾನ ಯಾವುದೋ ಸ್ಕ್ರೂ ಡಬ್ಬಿಯ ವಿಷಯಕ್ಕೆ ಗಿರಾಕಿಗಳ ಮುಂದೆ ಗದರಿದ್ದ. ಆ ಸಿಟ್ಟು ಮನೆಯವರೆಗೆ ಜೊತೆಗೆ ನಡೆದು ಬಂತು. ಮುಖ ತೊಳೆದು ಒರೆಸಿಕೊಳ್ಳಲು ಟವೆಲಿಗೆ ಕೈ ಹಾಕಿದರೆ ಮುಗ್ಗಲು ವಾಸನೆ. ಗಂಡ ಟವೆಲನ್ನು ಮೂಲೆಗೆಸೆದ. ತಟ್ಟೆಯನ್ನು ಒದ್ದ. ಹುಕ್ಕಿನ ಬೀಗದ ಕೈಯನ್ನು ಮೇಜಿಗೆ ಬಿಸಾಡಿದ. ಬಾಗಿಲ ಛತ್ರಿ, ಬ್ರೆಡ್ಡಿನ ಡಬ್ಬಿ, ಲೋಟಗಳು, ಎಲ್ಲವನ್ನೂ ಬಾಚಿ ತೊಟ್ಟಿಗೆ, ಕಪಾಟಿಗೆ, ಮಂಚದ ಕೆಳಕ್ಕೆ ತುರುಕಿದ.

ಸೊಸೆ ಬಂದಾಗ ಮನೆ ಒಪ್ಪವಾಗಿತ್ತು. ಮಗಳು ಒಂದು ಮೂಲೆಯಲ್ಲಿ ಅಳುತ್ತಿದ್ದಳು.

"ಹೇಳು ಈಗ" ಎಂದ ಗಂಡ. "ಬೀಗದ ಕೈ ಎಲ್ಲಿದೆ, ಇಂಗ್ಲಿಷಲ್ಲಿ ಹೇಳು."

ಬೀಗದ ಕೈ ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೇ ಬಿದ್ದಿತ್ತು. ಸೊಸೆ ಬಾಯಿ ತೆರೆದಳು. ಹುಕ್ಕಿನ ಮೇಲಿದ್ದಾಗ ಬರುತ್ತಿದ್ದ ಮಾತು ಮೇಜಿನ ಮೇಲಿದ್ದಾಗ ಬರಲಿಲ್ಲ. ಡಬ್ಬಿಯನ್ನು ನೋಡಿದಳು, ಛತ್ರಿಯನ್ನು ಹುಡುಕಿದಳು. ಒಂದೂ ಬರಲಿಲ್ಲ. ವಸ್ತು ಕದಲಿದ ಕೂಡಲೆ ಮಾತು ಕಳಚಿಕೊಂಡಿತ್ತು.

"ನೋಡಿದ್ಯಾ?" ಎಂದ ಗಂಡ. ಗೆದ್ದವನ ಹಾಗೆ ಅಂದುಬಿಟ್ಟನಾದರೂ, ಅವಳ ಮುಖ ಕಂಡ ಮೇಲೆ ಚಪ್ಪಲಿ ಮೆಟ್ಟಿ ಹೊರಗೆ ಹೋದ.

"ನಂದೇ ತಪ್ಪಮ್ಮ" ಎಂದಳು ಮಗಳು. "ನಾನು ವಸ್ತು ಕಲಿಸಿದೆ. ಜಾಗ ಕಲಿಸಲಿಲ್ಲ."

ಸೊಸೆ ಅನ್ನಕ್ಕೆ ಅಕ್ಕಿ ತೊಳೆಯುತ್ತ ನಿಂತಳು. ತೊಳೆದದ್ದನ್ನೇ ತೊಳೆದಳು. "ಕಾರ್ಖಾನೇಲಿ ನಮ್ಮನೆ ಹುಕ್ಕೂ ಇಲ್ಲ, ಡಬ್ಬೀನೂ ಇಲ್ಲ. ಅಲ್ಲಿ ಹೋಗಿ ಹಿಂಗೇ ಬಾಯಿ ಬಿಡ್ತಿದ್ದೆ. ಇಲ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು ಬಿಡು. ನಾಳೆ ಹೆಸರು ವಾಪಸ್ ತಗೋತೀನಿ."

ಆಗ ಕುರ್ಚಿ ಕಿರುಗುಟ್ಟಿತು. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಮಾವ ಕುರ್ಚಿ ಬಿಟ್ಟು ಎದ್ದಿದ್ದರು. ಬೀಗದ ಕೈಯನ್ನು ಎತ್ತಿ, ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಹಾಕಿದರು.

"ಹೋಲ್ಡಾನ್" ಎಂದರು ಕಂಡಕ್ಟರ್ ಗಂಟಲಿನಲ್ಲಿ. "ಈಗ ಬೀಗದ ಕೈ ಎಲ್ಲಿ?"

ಸೊಸೆ ನೋಡಿದಳು.

"ಬ್ರೆಡ್ಡಿಂದು ಏನಂತಿದ್ದೆ? ಅದೇ ಡಬ್ಬಿ ಒಳಗೆ ಇದೂ ಕೂತಿದೆ."

"ಇನ್" ಎಂದಳು ಸೊಸೆ. "ಇನ್ ದ ಡಬ್ಬಿ."

"ರೈಟ್." ಬೀಗದ ಕೈಯನ್ನು ತೆಗೆದು ತಮ್ಮ ಬೋಳು ತಲೆಯ ಮೇಲಿಟ್ಟುಕೊಂಡರು. "ಈಗ?"

ಮಗಳು ಅಳು ನಿಲ್ಲಿಸಿ ನಕ್ಕಳು. ಸೊಸೆಗೂ ನಗು ಬಂತು. "ಆನ್. ಆನ್ ದ ಮಾವ."

ಅಂದಿನಿಂದ ಮಾವನಿಗೆ ಹೊಸ ಡ್ಯೂಟಿ. ಬಸ್ಸಿನಲ್ಲಿ ಜನರನ್ನು ಮುಂದೆ, ಹಿಂದೆ, ಒಳಗೆ ಎಂದು ಸರಿಸಿದ ಹಾಗೆ ಮನೆಯ ವಸ್ತುಗಳನ್ನು ಸರಿಸುತ್ತ ಹೋದರು. ಊದಿದ ಕಾಲೆಳೆದುಕೊಂಡು ಛತ್ರಿಯನ್ನು ಒಲೆಯ ಪಕ್ಕಕ್ಕೆ, ಚಮಚವನ್ನು ಚಪ್ಪಲಿಯೊಳಗೆ. ಅವರ ಕಾಲಿನಲ್ಲೂ ಅದೇ ನೀಲಿ ಗಂಟುಗಳಿದ್ದವು. ಅವಳು ಅದನ್ನು ನೋಡಿದ್ದೇ ಆಗ, ಅವರು ಪಂಚೆ ಎತ್ತಿಕಟ್ಟಿ ಓಡಾಡಿದಾಗ.

"ನಿಂತ್ರೆ ಯಾರೂ ಸಾಯಲ್ಲ ಅಂದಿದ್ದೆ ಅವತ್ತು" ಎಂದರು ಮಾವ, ಅವಳು ನೋಡಿದ್ದನ್ನು ನೋಡಿ. ಮೂಲಂಗಿಯೊಂದನ್ನು ಕಪಾಟಿನ ನೆತ್ತಿಗಿಟ್ಟು "ಹೋಲ್ಡಾನ್" ಎಂದರು.

ಗಂಡ ಈ ಆಟಕ್ಕೆ ಸೇರಲಿಲ್ಲ. ಆದರೆ ಒಂದು ಬೆಳಿಗ್ಗೆ ತನ್ನ ಡಬ್ಬಿಗೆ ತಾನೇ ಬ್ರೆಡ್ಡು ತುಂಬಿಕೊಂಡು, ಮುಚ್ಚಳ ಸಿಗದೆ ಮನೆಯೆಲ್ಲ ಹುಡುಕಿದ. "ಮುಚ್ಚಳ ಎಲ್ಲಿ?" ಎಂದ. ಮೂವರೂ ಒಟ್ಟಿಗೆ ಇಂಗ್ಲಿಷಿನಲ್ಲಿ ಹೇಳಿದರು.

*

ಪರೀಕ್ಷೆ ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಆಫೀಸಿನ ಹೆಂಗಸು ಕಿಟಕಿಯಿಂದ ಕೈ ತೋರಿಸಿ ಟ್ರಾಲಿ ಎಲ್ಲಿ, ಲಾರಿ ಎಲ್ಲಿ, ಪೆಟ್ಟಿಗೆ ಎಲ್ಲಿ ಎಂದು ಕೇಳಿದಳು. ಸೊಸೆಯ ಕಿವಿಯಲ್ಲಿ ಮಾವನ ಹೋಲ್ಡಾನ್ ಕೇಳುತ್ತಿತ್ತು. ಒಂದೆರಡು ಕಡೆ ತಡವರಿಸಿದಳು, ಆದರೆ ಉಳಿದವರು ಇನ್ನೂ ಹೆಚ್ಚು ತಡವರಿಸಿದ್ದರು. ಜಾಗ ಅವಳದಾಯಿತು.

"ಮಹಾರಾಣಿ ಸಿಂಹಾಸನ ಏರಿದಳು" ಎಂದಳು ಪಕ್ಕದ ಮೇಜಿನ ಚೆಕರ್. ಬಾಯಿ ನಿಲ್ಲದ ಅವಳನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. "ಏರಿದ ಮೇಲೆ ನಮ್ಮ ಕಡೆಗೂ ಒಂದು ಕಣ್ಣಿರಲಿ ಕಣೇ."

ಸೋಮವಾರ ಬೆಳಿಗ್ಗೆ ಸೊಸೆ ಸೈರನ್‌ಗಿಂತ ಮೊದಲೇ ಹೋದಳು. ಮೇಜಿತ್ತು. ಮೈಕಿತ್ತು. ಕುರ್ಚಿ ಇರಲಿಲ್ಲ.

ಮೇಜಿನ ಕೆಳಗೆ ಬಗ್ಗಿ ನೋಡಿದಳು. ಆಚೀಚೆ ನೋಡಿದಳು. ಕ್ಯಾಬಿನ್ನಿನ ಗಾಜಿನ ಹಿಂದೆ, ಬಂದವರಿಗೆಂದು ಹಾಕಿದ ಕುರ್ಚಿಗಳ ಸಾಲಿನಲ್ಲಿ ಅದು ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು.

"ಸರ್, ಮೈಕಿನ ಕುರ್ಚಿ..."

"ಇನ್ಮೇಲೆ ನಿಂತೇ ಹೇಳೋದಮ್ಮ" ಎಂದ ಮ್ಯಾನೇಜರ್. "ಕಂಪನಿಯೋರು ಬಂದಾಗ ಒಬ್ಬಳು ಆರಾಮಾಗಿ ಕೂತಿದ್ರೆ ಚೆನ್ನಾಗಿ ಕಾಣಲ್ಲ. ನಿಂತ್ರೆ ಧ್ವನೀನೂ ಚೆನ್ನಾಗಿ ಬರುತ್ತೆ."

"ಮುಂಚಿನವಳು ಕೂತೇ ಹೇಳ್ತಿದ್ದಳು ಸರ್."

"ಅವಳು ಬೇರೆ. ನೀನು ಚೆಕರ್. ನಿಂತು ಅಭ್ಯಾಸ ಇರೋಳು."

ದಿನವೆಲ್ಲ ನಿಂತು ಕೂಗಿದಳು. ಲೈನ್ ನಾಲ್ಕರಲ್ಲಿ ಸೂಜಿ, ಲಿಫ್ಟಿನ ಬಳಿ ಟ್ರಾಲಿ, ಓಣಿಯಲ್ಲಿ ಪೆಟ್ಟಿಗೆ. ಯಾವುದು ಎಲ್ಲಿದೆಯೆಂದು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಕೂಗಿದಳು. ಪ್ರತಿ ಸಲ ಕೂಗಿದಾಗಲೂ ಗಾಜಿನಾಚೆಯ ಕುರ್ಚಿ ಕಣ್ಣಿಗೆ ಬೀಳುತ್ತಿತ್ತು. ಅದರ ಮೇಲೆ ಯಾರೂ ಕೂತಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಗಂಡ ಮೊದಲು ಕೇಳಿದ್ದು, "ಮೈಕಾದ್ರೂ ಸಿಕ್ತಲ್ಲ?"

"ಮೈಕನ್ನ ಕಾಲಿಗೆ ಕಟ್ಕೊಳ್ಳಲಾ?"

"ಹಾಗಲ್ಲ... ಕೇಳಿ ನೋಡು ಇನ್ನೊಂದ್ಸಲ, ನಯವಾಗಿ."

"ನಯವಾಗೇ ಕೇಳಿದೆ. ನಯವಾಗೇ ಇಲ್ಲ ಅಂದ."

ಮಾವ ಕುರ್ಚಿಯ ಕೈಪಟ್ಟಿಯನ್ನು ಅಂಗೈಯಿಂದ ಒಂದು ಸಲ ಒರೆಸಿದರು. ಅನ್ನಕ್ಕೆ ಬೇಳೆ ಹೆಚ್ಚು ಹಾಕಿಸಿಕೊಂಡು ಉಂಡರು.

ಬೆಳಿಗ್ಗೆ ಸೊಸೆ ಚೀಲ ಹೆಗಲಿಗೇರಿಸಿ ಬಾಗಿಲು ದಾಟಿದರೆ ಮಾವ ಆಗಲೇ ಬೀದಿಯಲ್ಲಿದ್ದರು. ತಲೆಯ ಮೇಲೆ ಟವೆಲಿನ ಸಿಂಬೆ, ಸಿಂಬೆಯ ಮೇಲೆ ತಲೆಕೆಳಗಾದ ಕುರ್ಚಿ.

"ಮಾವ, ಇದೇನು?"

"ಲಗೇಜು" ಎಂದರು ಮಾವ. "ನಡಿ, ಟೈಮಾಯ್ತು."

"ಅಪ್ಪಾ, ಬೀದಿಯೋರು ನಗ್ತಾರೆ" ಎಂದು ಗಂಡ ಕೈಯಲ್ಲಿ ಚಹಾ ಲೋಟ ಹಿಡಿದು ಓಡಿ ಬಂದ.

"ನಕ್ಕೋರಿಗೆ ಟಿಕೆಟ್ ಕೊಡ್ತೀನಿ. ನೀನು ಲೋಟ ತೊಳೆದಿಡು."

*

ಗೇಟಿನ ವಾಚ್‌ಮನ್ ಬಿಡಲಿಲ್ಲ. ಹೊರಗಿನ ಸಾಮಾನು ಒಳಗೆ ಹೋಗೋ ಹಾಗಿಲ್ಲ ಅಜ್ಜಾ, ಕೆಲಸ ಹೋಗುತ್ತೆ ನಂದು ಎಂದ. ಅವನದೂ ನಿಂತು ಮಾಡುವ ಕೆಲಸವೇ. ಮಾವ ಅವನ ಜೊತೆ ಜಗಳ ಮಾಡಲಿಲ್ಲ.

"ನೀನು ಹೋಗಮ್ಮ. ಸೈರನ್ ಆಗುತ್ತೆ. ನಾನಿಲ್ಲೇ ಇರ್ತೀನಿ."

ಆ ದಿನವೇ ಅಂಗಿ ಕೊಳ್ಳುವ ಕಂಪನಿಯ ಇಬ್ಬರು ಬಂದಿದ್ದರು. ಕತ್ತಿಗೆ ಕಾರ್ಡು ಹಾಕಿಕೊಂಡು, ಸಾಲುಗಳ ನಡುವೆ ಮೆಲ್ಲಗೆ ನಡೆಯುತ್ತಿದ್ದರು. ಮ್ಯಾನೇಜರ್ ಅವರ ಹಿಂದೆ ಕೈಕಟ್ಟಿ ಬರುತ್ತಿದ್ದ. ಸೊಸೆ ಮೈಕಿನ ಮುಂದೆ ನಿಂತು ಕಿಟಕಿಯಿಂದ ಕೆಳಗೆ ನೋಡಿದಳು. ಮಾವ ಕುರ್ಚಿಯನ್ನು ಗೇಟಿನ ನಟ್ಟನಡುವೆ ಹಾಕಿಕೊಂಡು ಕೂತಿದ್ದರು. ಪೆಟ್ಟಿಗೆ ತುಂಬಿದ ಲಾರಿಯೊಂದು ಅವರ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಮಾವ ಅಂಗೈಯನ್ನು ಎತ್ತಿ ತೋರಿಸಿದರು. ಅಷ್ಟು ದೂರದಿಂದ ಕೇಳಿಸುವ ಹಾಗಿರಲಿಲ್ಲ, ಆದರೂ ಏನು ಹೇಳಿದರೆಂದು ಅವಳಿಗೆ ಗೊತ್ತಾಯಿತು.

ಅವಳು ಗುಂಡಿ ಒತ್ತಿದಳು. ಮೈಕು ಕರ್ ಎಂದಿತು.

"ಅಟೆನ್ಷನ್ ಪ್ಲೀಸ್. ಒನ್ ಚೇರ್ ಈಸ್ ಆ್ಯಟ್ ದ ಗೇಟ್."

ಮ್ಯಾನೇಜರ್ ತಲೆ ಎತ್ತಿದ. ಬಂದವರೂ ಎತ್ತಿದರು.

"ಒನ್ ಓಲ್ಡ್ ಮ್ಯಾನ್ ಈಸ್ ಇನ್ ದ ಚೇರ್. ಮ್ಯಾನೇಜರ್ಸ್ ಚೇರ್ ಈಸ್ ಇನ್ ದ ಕ್ಯಾಬಿನ್." ಅವಳು ಉಸಿರು ತೆಗೆದುಕೊಂಡಳು. "ಚೆಕರ್ಸ್ ಆರ್ ಆನ್ ದೇರ್ ಫೀಟ್."

ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಎಂದಿನ ಸಂಗೀತ ಎಂದುಕೊಂಡರು. ಬಂದವರಿಬ್ಬರಿಗೆ ಮಾತ್ರ ತಿಳಿಯಿತು. ಅವರಲ್ಲಿದ್ದ ಹೆಂಗಸು ಅಂಗಿಗಳನ್ನು ಬಿಟ್ಟು ಮೇಜುಗಳ ಕೆಳಗೆ ನೋಡತೊಡಗಿದಳು, ಸಾಲಾಗಿ ನಿಂತ ಊದಿದ ಪಾದಗಳನ್ನು. ಮ್ಯಾನೇಜರ್ ಅವಳನ್ನು ಕಾಲರುಗಳ ಕಡೆ ತಿರುಗಿಸಲು ನೋಡಿದ.

"ಇನ್ನೊಂದ್ಸಲ ಹೇಳ್ತೀನಿ" ಎಂದಳು ಸೊಸೆ ಮೈಕಿನಲ್ಲಿ, "ನಮ್ಮ ಮಾತಲ್ಲಿ. ಗೇಟಲ್ಲಿ ಒಂದು ಕುರ್ಚಿ ಇದೆ. ನಮ್ಮ ಮಾವ ತಲೆ ಮೇಲೆ ಹೊತ್ಕೊಂಡು ಬಂದಿದಾರೆ. ಒಳಗೆ ಬಿಡ್ತಿಲ್ಲ. ಯಾರಾದ್ರೂ ಹೋಗಿ ತನ್ನಿ."

ಯಂತ್ರಗಳು ಒಂದೊಂದಾಗಿ ನಿಂತವು. ಆ ಅಂತಸ್ತು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಯಾರೂ ಕೇಳಿರಲಿಲ್ಲ.

"ಏ, ಮೈಕ್ ಆಫ್ ಮಾಡು" ಎಂದ ಮ್ಯಾನೇಜರ್.

ರೇಡಿಯೋ ಕೈಯಲ್ಲಿದ್ದ ಅಂಗಿಯನ್ನು ಮೇಜಿನ ಮೇಲಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಅವಳು ಏನೂ ಮಾತಾಡಲಿಲ್ಲ. ಮೆಟ್ಟಿಲಿನ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಚೆಕರ್‌ಗಳ ಪೂರ್ತಿ ಸಾಲು. ಮೆಕ್ಯಾನಿಕ್ ಪಕ್ಕಡ್ ಜೇಬಿಗೆ ಹಾಕಿಕೊಂಡು, "ಲೈನ್ ನಂಬರ್ ಹೇಳಲಿಲ್ಲ, ಆದ್ರೂ ಅರ್ಥ ಆಯ್ತು" ಎಂದು ಹಿಂಬಾಲಿಸಿದ.

ಸೊಸೆ ಕಿಟಕಿಯಿಂದ ನೋಡುತ್ತ ನಿಂತಳು. ಅಷ್ಟು ಜನ ಹೆಂಗಸರನ್ನು ಕಂಡು ವಾಚ್‌ಮನ್ ಪಕ್ಕಕ್ಕೆ ಸರಿದ. ಮಾವ ಎದ್ದರು. ಕುರ್ಚಿ ತಲೆಯಿಂದ ತಲೆಗೆ ಬರಲಿಲ್ಲ, ಕೈಯಿಂದ ಕೈಗೆ ಬಂತು. ಮಾವ ಲಾರಿಯವನಿಗೆ ರೈಟ್ ಎಂದು ಕೈ ಬೀಸಿದರು.

ಹೆಂಗಸರು ಕುರ್ಚಿಯನ್ನು ಮೈಕಿನ ಪಕ್ಕದಲ್ಲಿಟ್ಟರು.

"ನಾಳೆ ಬೆಳಿಗ್ಗೆ ನನ್ನ ಕ್ಯಾಬಿನ್ನಿಗೆ ಬಾ" ಎಂದ ಮ್ಯಾನೇಜರ್, ಬಂದವರಿಗೆ ಕೇಳಿಸದಂತೆ ಹಲ್ಲು ಕಚ್ಚಿ.

"ಬರ್ತೀನಿ ಸರ್. ಅಲ್ಲಿ ಕೂರೋಕೆ ಜಾಗ ಇದೆ ಅಂತ ನೋಡಿದೀನಿ."

ಅವಳು ಕೂತಳು. ಕೈಪಟ್ಟಿಗಳು ಎರಡೂ ಕಡೆಯಿಂದ ಅವಳನ್ನು ಹಿಡಿದುಕೊಂಡವು.

*

ಸಂಜೆ ಕಿಟಕಿಯ ಪಕ್ಕ ಕುರ್ಚಿ ಇದ್ದ ಜಾಗದಲ್ಲಿ ಅದರ ಕಾಲುಗಳ ಗುರುತು ಮಾತ್ರ ಇತ್ತು. ಮಾವ ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿದ್ದರು. ಸೊಸೆ ಅವರ ಎದುರು, ಅದೇ ನೆಲದ ಮೇಲೆ, ತಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಅನ್ನದ ಪಾತ್ರೆ ನಡುವೆ ಇತ್ತು. ಬೇಕಾದವರು ಬಡಿಸಿಕೊಳ್ಳಬಹುದಿತ್ತು.

"ಕೆಲಸ ಹೋದ್ರೆ?" ಎಂದ ಗಂಡ. ಬಂದಾಗಿನಿಂದ ಅದನ್ನೇ ಕೇಳುತ್ತಿದ್ದ. ಕೂರುತ್ತಿದ್ದ, ಏಳುತ್ತಿದ್ದ. "ನಾಳೆ ಕ್ಯಾಬಿನ್ನಲ್ಲಿ ಏನಂತಾನೋ. ಹೋದ್ರೆ ಏನು ಮಾಡ್ತೀಯ?"

"ಹೋದ್ರೆ ಹೋಗ್ಲಿ ಅನ್ನಲ್ಲ ನಾನು. ನನಗೆ ಆ ಕೆಲಸ ಬೇಕು" ಎಂದಳು ಸೊಸೆ. "ಅದಕ್ಕೇ ಒಬ್ಬಳೇ ಹೋಗ್ತಿಲ್ಲ. ರೇಡಿಯೋ ಮನೆಮನೆಗೂ ಸುದ್ದಿ ಮುಟ್ಟಿಸ್ತಿದಾಳೆ. ನಾಳೆ ಚೆಕರ್‌ಗಳೆಲ್ಲ ಅವರವರ ಮನೆಯಿಂದ ಒಂದೊಂದು ತರ್ತಾರೆ. ಸ್ಟೂಲೋ, ಡಬ್ಬವೋ, ಏನಿದ್ರೆ ಅದು."

"ಗೇಟಲ್ಲಿ ಬಿಡಬೇಕಲ್ಲ?"

"ನಾನು ಹೋಗ್ತೀನಿ. ಅಷ್ಟು ಜನ ಹತ್ತೋವಾಗ ಒಬ್ಬ ಕಂಡಕ್ಟರ್ ಬೇಕಾಗುತ್ತೆ" ಎಂದರು ಮಾವ.

ಮಗಳು ಕಿಟಕಿಯ ಕಡೆ ನೋಡಿದಳು. "ಆಮೇಲೆ ನಿನ್ನ ಕುರ್ಚಿ ವಾಪಸ್ ಬರುತ್ತಾ ತಾತ?"

"ಅದು ಡ್ಯೂಟಿ ಮೇಲಿದೆ ಮಗಾ. ರಿಟೈರಾದ ಮೇಲೆ ಬರುತ್ತೆ."

ಗಂಡ ಊಟ ಮುಗಿಸಿದ. ಕೈ ತಾನಾಗಿಯೇ ತಟ್ಟೆಯನ್ನು ಮಂಚದ ಕೆಳಗೆ ಇಡಲು ಹೋಯಿತು. ನೆಲಕ್ಕೆ ತಾಗಿದ ಸದ್ದಿಗೆ ಮೂರು ಮುಖಗಳೂ ಅವನತ್ತ ತಿರುಗಿದವು. ಯಾರೂ ಏನೂ ಅನ್ನಲಿಲ್ಲ, ಯಾವ ಭಾಷೆಯಲ್ಲೂ.

ಅವನು ತಟ್ಟೆ ಎತ್ತಿಕೊಂಡು ಎದ್ದ. ನಲ್ಲಿಯ ಕಡೆ ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಅಪ್ಪನ ತಟ್ಟೆಯನ್ನೂ ಎತ್ತಿಕೊಂಡ. ಸೊಸೆಯ ತಟ್ಟೆಗೆ ಕೈ ಚಾಚಿದ.

"ಹೋಲ್ಡಾನ್" ಎಂದಳು ಸೊಸೆ. "ನಂದಿನ್ನೂ ಆಗಿಲ್ಲ."

ಅವನು ನಿಂತ. ಎರಡು ತಟ್ಟೆ ಕೈಯಲ್ಲಿ ಹಿಡಿದು, ತನ್ನ ಪಾದದ ಮೇಲೆ, ಅವಳು ಕೂತು ಉಂಡು ಮುಗಿಸುವವರೆಗೆ.